ಹತ್ತಕ್ಕೆ ಆರರಷ್ಟು ಮಳೆ

ಕಳೆದ ಫೆಬ್ರವರಿಯಲ್ಲಿ ಮೂಡಿಗೆರೆಯಿಂದ ಹೊರಟ ಬಸ್ಸು ಒಂದು ತಿರುವಿನಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ನಿಂತಿತು. ಕಿಟಕಿಯಿಂದ ಕಾಫಿ ಹೂವಿನ ಪರಿಮಳ ಒಳಗೆ ಬಂತು, ಅದರ ಹಿಂದೆಯೇ ಡೀಸೆಲ್ ಹೊಗೆ. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಎಂತ ಹೊಗೆ ಮಾರಾಯ್ತಿ, ಹೂವಿನ ಪರಿಮಳ ಎಲ್ಲ ಹಾಳು" ಎಂದರು. ನನ್ನ ಪಾಲಿಗಾದರೋ ಆ ಎರಡೂ ಒಟ್ಟಿಗೆ ಬಂದರೇ ಹೂವಿನ ಕಾಲ. ರಸ್ತೆಯ ಕೆಳಗೆ ಯಾರೋ ಪಂಪು ಹಚ್ಚಿ ತೋಟಕ್ಕೆ ನೀರು ಹಾರಿಸುತ್ತಿದ್ದರು. ಸ್ಪ್ರಿಂಕ್ಲರ್ ತಿರುಗುವ ಟಕಟಕ ಸದ್ದು ಬಸ್ಸಿನವರೆಗೂ ಕೇಳುತ್ತಿತ್ತು. ನಾನು ಹೊರಟಿದ್ದು ಗೌರಮ್ಮನವರ ಮನೆಗೆ. ಎಂಟು ವರ್ಷದ ಹಿಂದೆ ಅವರ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ.

ತೋಟದ ರೈಟರ್ ಕೆಲಸವೆಂದರೆ ಕೂಲಿಯವರ ಹಾಜರಿ ಬರೆಯುವುದು, ಗೊಬ್ಬರದ ಚೀಲ ಎಣಿಸುವುದು, ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕ ನೋಡಿ ಎಷ್ಟು ಸೆಂಟ್ ಮಳೆಯಾಯಿತೆಂದು ಮಳೆ ಪುಸ್ತಕದಲ್ಲಿ ಗುರುತು ಹಾಕುವುದು. ನೂರು ಸೆಂಟಿಗೆ ಒಂದಿಂಚು. ನಾನು ಕಡೂರು ಕಡೆಯವಳು. ನಮ್ಮ ಕಡೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಅದನ್ನು ಗಾಜಿನ ಕೊಳವೆಗೆ ಸುರಿದು ಅಳೆಯುವ ಸಡಗರವಿಲ್ಲ. ಮೊದಲ ವಾರ ಆ ಕೊಳವೆಯನ್ನು ಸೂರ್ಯನ ಕಡೆಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ನನ್ನನ್ನು ಕಂಡು ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಹೆಂಗಸರೆಲ್ಲ ನಕ್ಕಿದ್ದರು.

ಗೌರಮ್ಮನವರ ಯಜಮಾನರು ನಾನು ಸೇರುವ ಹಿಂದಿನ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮೈದುನ ಚಂದ್ರಣ್ಣನವರದು ಚಿಕ್ಕಮಗಳೂರಿನಲ್ಲಿ ಬಟ್ಟೆ ಅಂಗಡಿ. ತಿಂಗಳಿಗೊಮ್ಮೆ ಬಂದು, "ಅತ್ತಿಗೆ, ತೋಟ ನಾನು ನೋಡ್ಕೊಳ್ತೀನಿ, ನಿಮಗೆ ಯಾಕೆ ಈ ತಲೆನೋವು" ಅನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಅಣ್ಣನ ಹೆಂಡತಿ ಬಿಸಿಲಿನಲ್ಲಿ ಓಡಾಡಬಾರದು ಎಂಬ ಕಾಳಜಿ ನಿಜವಾಗಿಯೂ ಇತ್ತು. ಗೌರಮ್ಮ ಅವರಿಗೆ ಕೊಟ್ಟ ಉತ್ತರ ಒಂದೇ: "ಈ ಒಂದು ಹೂವಿನ ಕಾಲ ನೋಡ್ತೀನಿ ಚಂದ್ರು. ನನ್ನ ಕೈಲಿ ಆಗಲ್ಲ ಅನಿಸಿದ್ರೆ ಜೂನ್‌ನಲ್ಲಿ ನಾನೇ ಕೀಲಿಕೈ ಕೊಡ್ತೀನಿ."

ಹೂವಿನ ಕಾಲದ ಕಷ್ಟ ಏನೆಂದು ನನಗೆ ಗೊತ್ತಾಗಿದ್ದೇ ಆ ವರ್ಷ. ರೊಬಸ್ಟಾ ಕಾಫಿ ಗಿಡದ ಮೊಗ್ಗು ಒಂದು ಒಳ್ಳೆಯ ಮಳೆಗಾಗಿ ಕಾದು ಕೂತಿರುತ್ತದೆ. ಇಂಚಿನಷ್ಟು ನೀರು ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹೂ ಬಿಟ್ಟ ಇಪ್ಪತ್ತು ದಿನದ ಒಳಗೆ ಇನ್ನೊಂದು ನೀರು ಬೀಳಬೇಕು. ಅದಕ್ಕೆ ಬ್ಯಾಕಿಂಗ್ ಎನ್ನುತ್ತಾರೆ. ಅದು ಬೀಳದಿದ್ದರೆ ಹೂ ನೋಡಿ ಸಂತೋಷಪಟ್ಟದ್ದೇ ಲಾಭ, ಕಾಯಿ ನಿಲ್ಲುವುದಿಲ್ಲ. ಅರ್ಧಂಬರ್ಧ ಮಳೆಯಂತೂ ಇನ್ನೂ ಕೆಡುಕು. ಮೊಗ್ಗು ಅರೆ ಅರಳಿ, ನಸುಗೆಂಪಾಗಿ, ಹಾಗೇ ಕರಟಿಹೋಗುತ್ತದೆ.

ಗೌರಮ್ಮನವರಿಗೆ ಇದ್ದದ್ದು ಎರಡು ತೋಟ, ಒಂದು ಕೆರೆ. ಹಳ್ಳದ ಪಕ್ಕದ್ದು ಹಳ್ಳದ ತೋಟ, ಗುಡ್ಡದ ಮೇಲಿನದು ಮೇಲಿನ ತೋಟ. ಕೆರೆಯ ನೀರು ಎರಡೂ ತೋಟಕ್ಕೆ ಒಂದೊಂದು ಸಲ ಸಾಕಾಗುತ್ತಿತ್ತು, ಇಲ್ಲವೇ ಒಂದೇ ತೋಟಕ್ಕೆ ಎರಡು ಸಲ. ಎರಡಕ್ಕೂ ಹಾಕಿ ಹೂ ಬಿಡಿಸಿದರೆ ಬ್ಯಾಕಿಂಗಿಗೆ ಆಕಾಶವೇ ಗತಿ. ಒಂದಕ್ಕೇ ಹಾಕಿದರೆ ಇನ್ನೊಂದರ ಆಸೆಯನ್ನು ಮೊದಲೇ ಬಿಟ್ಟ ಹಾಗೆ. ಯಾವುದು ಸರಿ ಎಂದು ಏಪ್ರಿಲ್‌ನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ತೀರ್ಮಾನ ಫೆಬ್ರವರಿಯಲ್ಲೇ ಆಗಬೇಕು.

ಆ ಹದಿನೈದು ದಿನ ಮನೆಗೆ ಬಂದವರೆಲ್ಲ ಪಂಚಾಂಗದವರೇ. ಒಬ್ಬರು ಶಿವರಾತ್ರಿ ಕಳೆದ ಮೂರನೇ ದಿನಕ್ಕೆ ಮಳೆ ಗ್ಯಾರಂಟಿ ಅಂದರು. ಇನ್ನೊಬ್ಬರು ಮೊಬೈಲ್ ತೆರೆದು ಮೋಡದ ಚಿತ್ರ ತೋರಿಸಿದರು. ಹೋದ ವರ್ಷ ಮಾರ್ಚ್ ಮೊದಲ ವಾರವೇ ಜೋರು ಮಳೆ ಹೊಡೆದಿತ್ತಾದ್ದರಿಂದ ಈ ವರ್ಷವೂ ಹಾಗೇ ಎಂಬುದು ಹೆಚ್ಚಿನವರ ನಂಬಿಕೆ. ಹೋಗುವಾಗ ಮಾತ್ರ ಎಲ್ಲರೂ ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಯಜಮಾನ್ರು ಇದ್ದಿದ್ರೆ ತಪ್ತಾ ಇರ್ಲಿಲ್ಲ." ಆ ಮಾತು ಕೇಳಿದಾಗಲೆಲ್ಲ ಗೌರಮ್ಮ ಇನ್ನಷ್ಟು ಕುಗ್ಗುತ್ತಿದ್ದರು. ಕಾಫಿ ಸೋಸುತ್ತ ಒಮ್ಮೆ ನನ್ನ ಹತ್ತಿರ ಹೇಳಿಕೊಂಡರು: "ಅವ್ರಿಗೆ ಗೊತ್ತಿತ್ತು, ನಂಗೆ ಅಡಿಗೆ ಮನೆ ಬಿಟ್ಟು ಎಂತ ಗೊತ್ತು? ಬೆಳಿಗ್ಗೆ ಕಾಫಿ ಕುಡೀತಾ ಮಳೆ ಬರ್ತದಾ ಗೌರಿ ಅಂತ ಮಾತಿಗೆ ಕೇಳ್ತಿದ್ರು, ನಾನು ಏನೋ ಒಂದು ಹೇಳ್ತಿದ್ದೆ. ಅಷ್ಟೇ ನನ್ನ ತೋಟದ ವಿದ್ಯೆ."

ಪಂಪು ನೋಡಿಕೊಳ್ಳುತ್ತಿದ್ದವರು ಮೂಡಿಗೆರೆಯ ಇಸ್ಮಾಯಿಲ್ ಸಾಬರು. ಅರವತ್ತರ ಹತ್ತಿರದ ಮೆಕ್ಯಾನಿಕ್, ಇಪ್ಪತ್ತು ವರ್ಷದಿಂದ ಆ ಮನೆಯ ಇಂಜಿನ್ ಅವರ ಕೈಯಲ್ಲೇ. ಒಂದು ಬೆಳಿಗ್ಗೆ ಬೈಕಿನಲ್ಲಿ ಬಂದವರು ಇಂಜಿನ್ ಸರಿ ಮಾಡಿ, "ಅಮ್ಮಾವ್ರೇ, ಹ್ಯಾಂಡಲ್ ಹಾಕೋಕೆ ಮೊದ್ಲು ನೀವು ಪಂಪ್‌ಹೌಸಿಗೆ ಬರ್ಬೇಕು. ಗೋಡೆಗೆ ಬರೀದೆ ನಾನು ಇಂಜಿನ್ ಹಚ್ಚಲ್ಲ. ಅದು ನಂದೂ ಯಜಮಾನ್ರದೂ ಕರಾರು" ಎಂದರು. ಮೂವತ್ತು ವರ್ಷ ಆ ಮನೆಯಲ್ಲಿ ಬಾಳಿದ ಗೌರಮ್ಮ ಕೆರೆ ಏರಿಯ ಆ ಹೆಂಚಿನ ಕೋಣೆಗೆ ಕಾಲಿಟ್ಟದ್ದು ಅವತ್ತೇ ಮೊದಲು. ಜೊತೆಗೆ ನಾನು, ಮೇಸ್ತ್ರಿ ಸುಬ್ಬಣ್ಣ.

ಬಾಗಿಲೆದುರಿನ ಗೋಡೆ ತುಂಬ ಇದ್ದಿಲಿನ ಅಕ್ಷರ. ವರ್ಷಕ್ಕೆ ಒಂದು ಸಾಲು, ಯಜಮಾನರ ಕೈಬರಹ, ಹತ್ತರಲ್ಲಿ ಎಷ್ಟು ಪಾಲು ನಂಬಿಕೆ ಎಂಬ ಲೆಕ್ಕ ಸಮೇತ. 'ಮಳೆ ಬರ್ತದೆ, ಹತ್ತಕ್ಕೆ ಏಳು. ಎರಡೂ ತೋಟಕ್ಕೆ ನೀರು.' ಅದರ ಕೆಳಗೆ ಬೇರೆ ದಿನ ಬರೆದದ್ದು: 'ಬರಲಿಲ್ಲ.' ಇನ್ನೊಂದು ಕಡೆ, 'ಬರಲ್ಲ, ಹತ್ತಕ್ಕೆ ಎಂಟು.' ಕೆಳಗೆ, 'ಬಂತು.' ಗೌರಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಹದಿನಾಲ್ಕು ವರ್ಷದಲ್ಲಿ ಆರು ಸಲ ಯಜಮಾನರ ಲೆಕ್ಕ ತಲೆಕೆಳಗಾಗಿತ್ತು.

"ಇವ್ರೂ ತಪ್ತಿದ್ರಾ ಸಾಬ್ರೇ?"

"ತಪ್ದೆ ಎಂತ ಅಮ್ಮಾವ್ರೇ? ಮಳೆ ಎಂತ ನಿಮ್ಮ ಮನೆ ಆಳಾ, ಹೇಳಿದ ಹೊತ್ತಿಗೆ ಬರೋಕೆ?" ಸಾಬರು ಕೈಯ ಗ್ರೀಸು ಒರೆಸಿಕೊಂಡರು. "ಮೊದ್ಲು ಗೋಡೆ ಇರ್ಲಿಲ್ಲ. ಮಳೆ ಬಂದ ಮೇಲೆ ಎಲ್ರೂ ನಾನಾಗ್ಲೇ ಹೇಳಿದ್ದೆ ಅನ್ನೋರೇ. ಬೈಸಿಕೊಳ್ಳೋನು ಮಾತ್ರ ಪಂಪಿನೋನು. ಅದಕ್ಕೇ ಯಜಮಾನ್ರ ಕೈಗೆ ಇದ್ದಿಲು ಕೊಟ್ಟೆ."

ಗೌರಮ್ಮ ನಕ್ಕರು. ಆ ಮನೆಗೆ ನಾನು ಬಂದ ಮೇಲೆ ಅವರು ನಕ್ಕಿದ್ದನ್ನು ಅವತ್ತೇ ನೋಡಿದ್ದು. ನಗುತ್ತಲೇ ಕಣ್ಣೂ ಒರೆಸಿಕೊಂಡರು. ತಪ್ಪೇ ಮಾಡದ ಗಂಡನ ಜಾಗದಲ್ಲಿ ನಿಲ್ಲುವುದು ಅವರಿಗೆ ಅಷ್ಟು ಭಾರವಾಗಿತ್ತು ಎಂದು ನನಗೆ ಆಗ ಹೊಳೆಯಿತು.

ಸಾಬರದು ಇನ್ನೊಂದು ಪದ್ಧತಿ. ಮೊದಲು ಕಿರಿಯರು ಹೇಳಬೇಕು, ಯಜಮಾನರದು ಕೊನೆಗೆ. ನಾನು ಎರಡೂ ತೋಟಕ್ಕೆ ಹಾಕೋಣ, ಮಳೆ ಬಂದೇ ಬರುತ್ತದೆ ಎಂದೆ. ಯಾಕೆ ಎಂದು ಕೇಳಿದರೆ ಮೇಲಿನ ತೋಟದ ಮೊಗ್ಗು ಪಾಪ ಅನಿಸುತ್ತದೆ ಎನ್ನುವುದು ಬಿಟ್ಟು ನನ್ನ ಹತ್ತಿರ ಕಾರಣವಿರಲಿಲ್ಲ. ಸುಬ್ಬಣ್ಣ ಗೌರಮ್ಮನವರ ಮುಖ ನೋಡಿದ. "ಅಲ್ಲೆಂತ ನೋಡ್ತೀಯ ಮಾರಾಯ, ಕೆರೆ ನೋಡಿ ಹೇಳು" ಎಂದರು ಸಾಬರು. ಸುಬ್ಬಣ್ಣ ತಲೆ ಕೆರೆದುಕೊಂಡು, ಒಂದೇ ತೋಟ ಸಾಕೇನೋ ಎಂದ.

ಗೌರಮ್ಮ ಸಾಬರನ್ನು ಕೇಳಿದರು. "ಎರಡಕ್ಕೂ ಹಾಕಿ ಮಳೆ ಬರ್ದೇ ಇದ್ರೆ?"

"ಎರಡೂ ಹೋಗ್ತದೆ."

"ಒಂದಕ್ಕೆ ಎರಡು ಸಲ ಹಾಕಿ ಮಳೆ ಬರ್ದೇ ಇದ್ರೆ?"

"ಒಂದು ಉಳೀತದೆ."

"ಒಂದು ಉಳಿದ್ರೆ ಲೈನಿನವ್ರಿಗೆಲ್ಲ ವರ್ಷ ಪೂರ್ತಿ ಕೆಲಸ ಕೊಡೋಕೆ ಆಗ್ತದಾ ಸುಬ್ಬಣ್ಣ?"

"ಸ್ವಲ್ಪ ಬಿಗಿ ಆಗ್ತದೆ ಅಮ್ಮಾ. ಆದ್ರೆ ಆಗ್ತದೆ."

ಅವರು ಇದ್ದಿಲು ತೆಗೆದುಕೊಂಡು ಗಂಡನ ಕೊನೆಯ ಸಾಲಿನ ಕೆಳಗೆ ದುಂಡು ಅಕ್ಷರದಲ್ಲಿ ಬರೆದರು. 'ಮಳೆ ಬರ್ತದೆ, ಹತ್ತಕ್ಕೆ ಆರು. ಆರನ್ನು ನಂಬಿ ಎರಡೂ ಕಳೆದುಕೊಳ್ಳುವುದು ಬೇಡ. ಹಳ್ಳದ ತೋಟಕ್ಕೆ ಎರಡು ಸಲ ನೀರು. ಮಧ್ಯೆ ಪೂರ್ತಿ ಒಂದಿಂಚು ಮಳೆ ಬಂದರೆ ಮಾತ್ರ ಉಳಿದ ನೀರು ಮೇಲಿನ ತೋಟಕ್ಕೆ. ಕಡಿಮೆ ಬಂದರೆ ಇಲ್ಲ.' ಸಾಬರು ಓದಿ ತಲೆಯಾಡಿಸಿ ಹ್ಯಾಂಡಲ್ ಹಾಕಿದರು.

ಒಂಬತ್ತನೇ ದಿನ ಹಳ್ಳದ ತೋಟ ಅರಳಿತು. ಅಂಥದ್ದನ್ನು ನಾನು ಕಂಡಿರಲಿಲ್ಲ. ರೆಂಬೆಯ ಗಿಣ್ಣು ಗಿಣ್ಣಿಗೂ ಹೂವಿನ ಉಂಡೆ, ಜೇನುನೊಣದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಆದರೆ ಗುಡ್ಡ ಹತ್ತಿ ಮೇಲಿನ ತೋಟಕ್ಕೆ ಹೋದರೆ ಮೊಗ್ಗುಗಳು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತಿದ್ದವು. ನನಗೆ ದಿನಾ ಅಲ್ಲಿಗೇ ಹೋಗಬೇಕು ಅನಿಸುತ್ತಿತ್ತು, ಹೋದರೆ ಬೇಗ ಇಳಿದುಬರುತ್ತಿದ್ದೆ. ಗೌರಮ್ಮ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು.

ನೀರು ಹಾಕಿದ ಹದಿನೆಂಟನೇ ದಿನ ಸಂಜೆ ಗುಡುಗು ಬಂತು, ಅರ್ಧ ಗಂಟೆ ಮಳೆ ಹೊಡೆಯಿತು. ಬೆಳಿಗ್ಗೆ ನಾನು ಮಳೆಮಾಪಕದ ಹತ್ತಿರ ಹೋಗುವಷ್ಟರಲ್ಲಿ ಲೈನಿನ ಅರ್ಧ ಜನ ಅಂಗಳದಲ್ಲಿ ನಿಂತಿದ್ದರು. ಕೊಳವೆಯಲ್ಲಿ ಅರವತ್ತೆರಡು ಸೆಂಟ್. ಎಲ್ಲರ ಮುಖ ನೋಡಿದೆ. "ಎಷ್ಟು ರೈಟರಮ್ಮ?" ಎಂದ ಸುಬ್ಬಣ್ಣ. ಒಂದಿಂಚಿನ ಹತ್ತಿರ ಹತ್ತಿರ, ಎಂದುಬಿಟ್ಟೆ. ಆ ಮಾತು ಅಂಗಳ ದಾಟಿ ಅಡಿಗೆ ಮನೆ ಮುಟ್ಟುವಷ್ಟರಲ್ಲಿ 'ಹತ್ತಿರ' ಉದುರಿಹೋಗಿ ಒಂದಿಂಚು ಮಾತ್ರ ಉಳಿದಿತ್ತು. ಗೌರಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಪೂರ್ತಿ ಒಂದಿಂಚಾ?" ಎಂದು ಕೇಳಿದರು. ಅವರ ಕಣ್ಣಿನ ಹೊಳಪು ನೋಡಿ ಹೌದು ಎಂದೆ. ಕೊಳವೆಯ ನೀರು ಚೆಲ್ಲಿ, ಪುಸ್ತಕದಲ್ಲಿ ನೂರು ಎಂದೇ ಬರೆದೆ.

ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಆ ಕ್ಷಣದಲ್ಲಿ ಅನಿಸಲೇ ಇಲ್ಲ. ಗಾಳಿಗೆ ಸ್ವಲ್ಪ ಮಳೆ ಮಾಪಕದ ಹೊರಗೆ ಬಿದ್ದಿರಬಹುದು, ತೋಟದಲ್ಲಿ ಜಾಸ್ತಿ ಬಿದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮನಸ್ಸಿಗೆ ಬೇಕಾದ್ದನ್ನು ಕಣ್ಣು ಎಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದಿಂಚು ಎಂದಮೇಲೆ ಹಳ್ಳದ ತೋಟಕ್ಕೆ ಬ್ಯಾಕಿಂಗ್ ಆದಂತೆಯೇ. ಉಳಿದ ನೀರನ್ನು ಮೇಲಿನ ತೋಟಕ್ಕೆ ಏರಿಸಲು ಪೈಪು ಹೊರಲು ಶುರುವಾಯಿತು. ಎರಡು ದಿನ ಹನ್ನೆರಡು ಜನ ಹೆಗಲ ಮೇಲೆ ಪೈಪು ಹೊತ್ತು ಗುಡ್ಡ ಹತ್ತಿದರು. ನಾನು ಹಾಜರಿ ಬರೆಯುತ್ತ ಅವರ ಹೆಗಲು ಕೆಂಪಾಗಿದ್ದನ್ನು ನೋಡುತ್ತಿದ್ದೆ. ಮೂರನೇ ಬೆಳಿಗ್ಗೆ ಸಾಬರು ಇಂಜಿನ್ನಿನ ಹ್ಯಾಂಡಲಿಗೆ ಕೈ ಹಾಕಿದಾಗ ನನ್ನ ಕಣ್ಣು ಗೋಡೆಯ ಮೇಲಿನ 'ಪೂರ್ತಿ ಒಂದಿಂಚು' ಎಂಬ ಅಕ್ಷರದ ಮೇಲೆ ಬಿತ್ತು.

"ಅಮ್ಮ, ಅದು ಅರವತ್ತೆರಡು" ಎಂದೆ. "ನೂರಲ್ಲ. ನಾನು ತಪ್ಪು ಹೇಳಿದೆ."

ಸುಬ್ಬಣ್ಣ, "ಪೈಪು ಮೇಲೆ ಹೋಗಿ ಆಗಿದೆ ಅಮ್ಮಾ. ಎರಡು ದಿನದ ಕೆಲಸ. ಇನ್ನೆಂತ ಮಾಡೋದು, ಮೇಲೇ ಬಿಡೋಣ" ಎಂದ.

"ಹೊತ್ತಿದ್ದು ಹೊತ್ತಾಯ್ತು ಸುಬ್ಬಣ್ಣ" ಎಂದರು ಸಾಬರು. "ಪೈಪು ಈಗ ಕೆಳಗೇ ಇದ್ದಿದ್ರೆ ಎಂತ ಮಾಡ್ತಿದ್ರಿ? ಅದನ್ನ ಹೇಳಿ."

ಗೌರಮ್ಮ ಗೋಡೆಯ ಮೇಲೆ ತಾವೇ ಬರೆದದ್ದನ್ನು ಮತ್ತೊಮ್ಮೆ ಓದಿದರು. "ಇಳಿಸಿ" ಎಂದರು. ನನ್ನ ಕಡೆ ನೋಡಲಿಲ್ಲ.

ಅವತ್ತು ಅವರು ನನ್ನೊಡನೆ ಮಾತಾಡಲಿಲ್ಲ. ಬಟ್ಟೆ ಚೀಲಕ್ಕೆ ತುಂಬಿಕೊಂಡು ನಾಳಿನ ಬಸ್ಸಿಗೆ ಊರಿಗೆ ಹೋಗುವುದು ಎಂದು ನಾನು ತೀರ್ಮಾನಿಸಿದ್ದೆ. ಸಂಜೆ ಅವರೇ ನನ್ನ ಕೋಣೆಗೆ ತಟ್ಟೆಯಲ್ಲಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಂದು ಕೂತರು. "ಇನ್ನೊಂದು ಸಲ ಅರವತ್ತನ್ನ ನೂರು ಮಾಡಿದ್ರೆ ಕಿವಿ ಹಿಂಡ್ತೀನಿ" ಎಂದರು. ಆಮೇಲೆ ಮೆಲ್ಲಗೆ, "ನಾನು ಹಾಗೆ ಆಸೆಯಿಂದ ಕೇಳ್ಬಾರ್ದಿತ್ತು. ಎಷ್ಟು ಅಂತ ಮಾತ್ರ ಕೇಳ್ಬೇಕಿತ್ತು" ಎಂದರು. ನಾನು ರೊಟ್ಟಿ ಮುರಿಯುತ್ತ ಅತ್ತುಬಿಟ್ಟೆ.

ಪೈಪು ಇಳಿಸಿ ಹಳ್ಳದ ತೋಟಕ್ಕೆ ಎರಡನೇ ನೀರು ಕೊಟ್ಟದ್ದಾಯಿತು. ಕೆರೆ ಬರಿದಾಯಿತು. ಅದಾಗಿ ಏಳನೇ ದಿನ ಸುರಿಯಿತು ನೋಡಿ ಮಳೆ, ಎರಡೂವರೆ ಇಂಚು. ಈ ಸಲ ಕೊಳವೆಯನ್ನು ಸುಬ್ಬಣ್ಣನಿಗೂ ತೋರಿಸಿ ಬರೆದೆ. ಅಷ್ಟರಲ್ಲಿ ಮೇಲಿನ ತೋಟದ ಮೊಗ್ಗುಗಳು ಆ ಅರವತ್ತೆರಡು ಸೆಂಟಿಗೆ ಅರೆ ಅರಳಿ ಕರಟಿಹೋಗಿದ್ದವು.

ಈಗ ಹೊಸ ಮಾತು ಹುಟ್ಟಿತು. ಪೈಪು ಮೇಲೇ ಇದ್ದಿದ್ದರೆ ಮೇಲಿನ ತೋಟಕ್ಕೆ ನೀರು ಸಿಕ್ಕಿ ಹೂವಾಗುತ್ತಿತ್ತು, ಹಳ್ಳದ ತೋಟಕ್ಕೆ ತಡವಾಗಿಯಾದರೂ ಈ ಮಳೆ ಸಿಗುತ್ತಿತ್ತು, ಎರಡೂ ಉಳಿಯುತ್ತಿದ್ದವು. ಅಂದರೆ ನನ್ನ ಸುಳ್ಳೇ ಗೆಲ್ಲುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತಲ್ಲ ಎಂದು ಗೌರಮ್ಮನವರ ಎದುರು ಹಲುಬಿದೆ. ಅವರು ಸಿಟ್ಟಾದರು. "ಏಳು ದಿನಕ್ಕೆ ಮಳೆ ಬರ್ತದೆ ಅಂತ ನಿಂಗೆ ಗೊತ್ತಿತ್ತಾ? ನಂಗೆ ಗೊತ್ತಿತ್ತಾ? ಗೊತ್ತಿಲ್ದೇ ಇದ್ದಿದ್ದಕ್ಕೆ ಈಗ ಯಾಕೆ ಹಣೆ ಚಚ್ಕೊಳ್ತೀಯ? ನೀನು ಸುಳ್ಳು ಹೇಳಿ ಗೆದ್ದಿದ್ರೆ ಮುಂದಿನ ವರ್ಷವೂ ಹೇಳ್ತಿದ್ದೆ." ನನಗೆ ಹಾಗೆ ಹೇಳಿದರೇ ಹೊರತು, ಅವರಿಗೂ ಮನಸ್ಸು ಗಟ್ಟಿಯಿರಲಿಲ್ಲ. ದಾರಿಯಲ್ಲಿ ಸಿಕ್ಕವರು ಮತ್ತೆ, ಯಜಮಾನರು ಇದ್ದಿದ್ದರೆ ಎಂದು ಶುರುಮಾಡಿದ್ದರು. ಗೋಡೆ ನೋಡಿದ ಧೈರ್ಯ ಎರಡು ತಿಂಗಳಲ್ಲಿ ಸವೆದುಹೋಗಿತ್ತು.

ಜೂನ್ ಮೊದಲ ವಾರ ಚಂದ್ರಣ್ಣ ಬಂದರು. ಮೇಲಿನ ತೋಟ ಸುತ್ತಿ ಬಂದು, "ಅತ್ತಿಗೆ, ನೀವು ಪ್ರಯತ್ನ ಪಟ್ರಿ. ಸಾಕು ಇನ್ನು" ಎಂದರು. ದನಿಯಲ್ಲಿ ಚುಚ್ಚುಮಾತು ಇರಲಿಲ್ಲ. ಅದೇ ಗೌರಮ್ಮನವರಿಗೆ ಹೆಚ್ಚು ನೋವಾಯಿತು ಎಂದು ಕಾಣುತ್ತದೆ. "ನಾಳೆ ಹೇಳ್ತೀನಿ ಚಂದ್ರು" ಎಂದು ಒಳಗೆ ಹೋದರು. ಕಪಾಟಿನಿಂದ ಕೀಲಿಗೊಂಚಲು ತೆಗೆದು ಮೇಜಿನ ಮೇಲಿಟ್ಟದ್ದನ್ನು ನಾನು ನೋಡಿದೆ.

ಮರುದಿನ ಬೆಳಿಗ್ಗೆ ಸಾಬರು ಬಂದರು. ಮಳೆಗಾಲಕ್ಕೆ ಮೊದಲು ಇಂಜಿನ್ನನ್ನು ಇದ್ದಲ್ಲೇ ಬಿಚ್ಚಿ ರಿಪೇರಿ ಮಾಡುವುದು ಅವರ ವಾಡಿಕೆ, ಆ ಸಲ ಮೊದಲ ಬಾರಿಗೆ ಮೂಡಿಗೆರೆಗೆ ಒಯ್ಯಬೇಕಾಗಿತ್ತು. ನಾಲ್ಕು ಜನ ಹಗ್ಗ ಕಟ್ಟಿ ಇಂಜಿನ್ ಎತ್ತಿ ಹೊರಗೆ ಇಟ್ಟರು. ಹಿಂದಿನ ಗೋಡೆ ಗುಡಿಸಲೆಂದು ಒಳಗೆ ಹೋದ ಸುಬ್ಬಣ್ಣ ನನ್ನನ್ನು ಕರೆದ. ಕುಕ್ಕುರುಗಾಲಿನಲ್ಲಿ ಕೂತವನ ಕೈಗೆಟಕುವಷ್ಟು ಎತ್ತರದಲ್ಲಿ, ಇಂಜಿನ್ ಮರೆಯಲ್ಲಿ, ಅದೇ ಕೈಬರಹದ ಸಣ್ಣ ಸಾಲುಗಳು. ಓದಿ, ಓಡಿಹೋಗಿ ಗೌರಮ್ಮನವರನ್ನು ಕರೆತಂದೆ.

'ಗೌರಿ: ಬರಲ್ಲ. ನಾನು: ಬರ್ತದೆ. ಬರಲಿಲ್ಲ.'

'ಗೌರಿ ಒಂದು ವಾರ ಕಾಯಿರಿ ಅಂದಳು. ಕಾದೆ. ಬಂತು.'

'ಗೌರಿ: ಬರ್ತದೆ. ನಾನೂ: ಬರ್ತದೆ. ಇಬ್ಬರೂ ತಪ್ಪು.'

'ಗೌರಿಗೆ ಜ್ವರ. ಕೇಳಲಿಲ್ಲ.'

ಹೀಗೇ ವರ್ಷಕ್ಕೊಂದು. ಗೌರಮ್ಮ ಸೀರೆಗೆ ಎಣ್ಣೆ ಹತ್ತುವುದನ್ನೂ ನೋಡದೆ ನೆಲಕ್ಕೆ ಕೂತುಬಿಟ್ಟರು. ಸಾಬರು ಬಾಗಿಲ ಹತ್ತಿರ ನಿಂತು, "ನಂಗೂ ಗೊತ್ತಿರ್ಲಿಲ್ಲ ಅಮ್ಮಾವ್ರೇ. ನಾನು ಹ್ಯಾಂಡಲ್ ತರೋಕೆ ಹೋದಾಗ ಬರೀತಿದ್ರೋ ಏನೋ" ಎಂದರು. ಗೌರಮ್ಮ ಜ್ವರದ ಸಾಲಿನ ಮೇಲೆ ಕೈ ಇಟ್ಟರು. "ಮಾತಿಗೆ ಕೇಳ್ತಾರೆ ಅಂದ್ಕೊಂಡಿದ್ದೆ" ಎಂದರು. "ಹಾಲು ಉಕ್ಕದ ಹಾಗೆ ನೋಡ್ಕೊಳ್ತಾ ಬಾಯಿಗೆ ಬಂದಿದ್ದು ಹೇಳ್ತಿದ್ದೆ. ಗೊತ್ತಿದ್ರೆ ಇನ್ನೂ ಸರಿಯಾಗಿ ಯೋಚನೆ ಮಾಡಿ ಹೇಳ್ತಿದ್ದೆನಲ್ಲ."

ಚಂದ್ರಣ್ಣನವರನ್ನೂ ಅಲ್ಲಿಗೇ ಕರೆಸಿದರು. ಅವರು ಬಗ್ಗಿ ಎಲ್ಲ ಸಾಲು ಓದಿ, ಎದ್ದು, ಕನ್ನಡಕ ಒರೆಸಿಕೊಂಡರು. "ಅಣ್ಣ ನನ್ನನ್ನ ತೋಟದ ವಿಷಯದಲ್ಲಿ ಒಂದು ಸಲಾನೂ ಕೇಳಿದವನಲ್ಲ" ಎಂದು ಸಣ್ಣಗೆ ನಕ್ಕರು. ಗೌರಮ್ಮ "ಮುಂದಿನ ಹೂವಿನ ಕಾಲವನ್ನೂ ನೋಡ್ತೀನಿ ಚಂದ್ರು" ಎಂದರು, ಅಷ್ಟೆ. ಮನೆಗೆ ಹೋದ ಮೇಲೆ ಮೇಜಿನ ಮೇಲಿದ್ದ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆ ವರ್ಷ ಮುಗಿಸಿ ನಾನು ಬೇರೆ ಕೆಲಸ ಸಿಕ್ಕಿ ಹೊರಟೆ. ಗೌರಮ್ಮ ಅಲ್ಲಿಂದ ಇಲ್ಲಿಯವರೆಗೂ ತೋಟ ನೋಡಿಕೊಳ್ಳುತ್ತಿದ್ದಾರೆ. ಎರಡು ಸಲ ಚೆನ್ನಾಗಿಯೇ ತಪ್ಪಿದರಂತೆ, ಗೋಡೆಯ ಮೇಲೆ ಇದೆ. ಸಾಬರಿಗೆ ಈಗ ಮಂಡಿ ನೋವು, ಮೂಡಿಗೆರೆಯಲ್ಲೇ ಕೂತು ಫೋನಿನಲ್ಲಿ ಇಂಜಿನ್ನಿನ ಸದ್ದು ಕೇಳಿ ಯಾವ ನಟ್ಟು ಸಡಿಲವಾಗಿದೆ ಎಂದು ಹೇಳುತ್ತಾರೆ.

ಕಳೆದ ಫೆಬ್ರವರಿ ನಾನು ಹೋದ ಮರುದಿನ ಬೆಳಿಗ್ಗೆ ಗೌರಮ್ಮ ಅಡಿಗೆ ಮನೆಯಲ್ಲಿ ಕಾಫಿ ಲೋಟ ನನ್ನ ಕೈಗೆ ಕೊಟ್ಟರು. ಹಾಲಿನ ಪಾತ್ರೆಯ ಕಡೆ ನೋಡುತ್ತ, ಏನೂ ಅಲ್ಲವೆಂಬಂತೆ ಕೇಳಿದರು: "ಎಂತ ಅನಿಸ್ತದೆ? ಈ ಸಲ ಮಳೆ ಬರ್ತದಾ?"

ನಾನು ಲೋಟ ಕೆಳಗಿಟ್ಟು ಅಂಗಳಕ್ಕೆ ಹೋಗಿ ಗುಡ್ಡದ ತುದಿಯ ಮೋಡ ನೋಡಿದೆ, ಕೆರೆ ನೋಡಿದೆ, ಹಿಂದಿನ ನಾಲ್ಕು ವರ್ಷದ ಮಳೆ ಪುಸ್ತಕ ತಿರುವಿದೆ. ಒಳಗೆ ಬರುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. "ಹತ್ತಕ್ಕೆ ನಾಲ್ಕು" ಎಂದೆ. ಗೌರಮ್ಮ ನನ್ನ ಮುಖವನ್ನೊಮ್ಮೆ ನೋಡಿ, ಒಲೆಯ ಬದಿಯಿಂದ ಆರಿದ ಒಂದು ಇದ್ದಿಲು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡರು.